ಹುಲಿಗೆಮ್ಮನಿಗೆ ಹೇಳದೆ ಉಳಿದ ಫಲಿತಾಂಶ

ಫೆಬ್ರವರಿ ಮೂವತ್ತು, ೨೨೩೧

ಡಾಕ್ಟರ್ ವಿಶಾಲಾಕ್ಷಿ ಕೊಪ್ಪದ ಅವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ಹಳೆಯ ಕಡತಗಳಿಂದ. ತಿದ್ದುವವರು ಯಾರೂ ಜೊತೆಗಿಲ್ಲ.

ನಾನು ಮರುಮಾತುಗಾರ್ತಿ. ಇಲ್ಲಿ ಯಾವ ಸಂಶೋಧನೆಯೂ ಅಚ್ಚಾಗುವ ಮೊದಲು, ರಕ್ತ, ನೀರು, ಮಣ್ಣು ಕೊಟ್ಟವರ ಮನೆಬಾಗಿಲಿಗೆ ಹೋಗಿ ಅವರದೇ ಮಾತಿನಲ್ಲಿ ಫಲಿತಾಂಶ ಹೇಳಬೇಕು. ಅದಕ್ಕೆ ಮರುಮಾತು ಎನ್ನುತ್ತೇವೆ. ಕೇಳಿದವರು ಹೆಸರು ಬರೆದುಕೊಟ್ಟ ಮೇಲೆಯೇ ಅಚ್ಚು. ಹೊಸ ಸಂಶೋಧನೆಯ ಮರುಮಾತಿಗೆ ಊರೇ ನೆರೆಯುತ್ತದೆ. ಜನ ಊಟ ಹಾಕುತ್ತಾರೆ, ತಕರಾರು ತೆಗೆಯುತ್ತಾರೆ, ವಿಜ್ಞಾನಿಗೇ ಬೆವರಿಳಿಸುತ್ತಾರೆ. ನನ್ನ ಪಾಲಿಗೆ ಬಂದವು ಮಾತ್ರ ನಿಮ್ಮ ಕಾಲದ ಫಲಿತಾಂಶಗಳು, ಯಾರಿಗೂ ಹೇಳದೆ ಉಳಿದವು. ಹನ್ನೊಂದು ವರ್ಷದಿಂದ ಒಬ್ಬಳೇ ತಿರುಗುತ್ತಿದ್ದೇನೆ. ಕೇಳುವವರು ಒಬ್ಬರೂ ಸಿಕ್ಕಿಲ್ಲ.

ಕಳೆದ ವಾರ ನಿಮ್ಮ ಕಡತ ಹಿಡಿದು ಕಡ್ಲಿಗುಡ್ಡಕ್ಕೆ ಹೋಗಿದ್ದೆ, ನೀವು ನೀರಿನ ಮಾದರಿ ತೆಗೆದ ಊರಿಗೆ. ಶಾಲೆಯ ಹಿಂದಿನ ಬೋರ್‌ವೆಲ್‌ನಲ್ಲಿ ಆರ್ಸೆನಿಕ್ ವಿಷ ಮಿತಿಮೀರಿದೆ ಎಂದು ನಿಮ್ಮ ಯಂತ್ರ ಹೇಳಿತ್ತು. ಪಕ್ಕದ ಪುಟದಲ್ಲಿ, ಆ ನೀರನ್ನೇ ಕುಡಿಯುವ ಹುಲಿಗೆಮ್ಮನೆಂಬ ಬಸುರಿಯ ಮಾತನ್ನು ನೀವೇ ಬರೆದುಕೊಂಡಿದ್ದೀರಿ: “ಅಕ್ಕಾರ, ಬಾಟ್ಲಿ ತುಂಬ್ಕೊಂಡು ಹೊಂಟ್ರಿ. ನಮ್ ನೀರಾಗ ಏನೈತಂತ ಬಂದ್ ಹೇಳ್ತೀರಿಲ್ರಿ?” ಅದರ ಕೆಳಗೆ ನಿಮ್ಮ ಟಿಪ್ಪಣಿ: “ಪ್ರಬಂಧ ಪ್ರಕಟವಾದ ಮೇಲೆ ತಿಳಿಸುವುದು.” ಸುದ್ದಿ ಮೊದಲೇ ಹೊರಬಿದ್ದರೆ ಬೇರೆಯವರು ಬರೆದುಬಿಟ್ಟಾರೆಂಬ ಭಯ ನಿಮಗೆ. ಪ್ರಕಟವಾಗಲು ಮೂರು ವರ್ಷ ಹಿಡಿಯಿತು, ಅದೂ ಇಂಗ್ಲಿಷಿನಲ್ಲಿ. ಅಷ್ಟರಲ್ಲಿ ನಿಮಗೆ ಬೇರೆ ಊರು, ಬೇರೆ ಬಾಟಲಿ.

ಕಡ್ಲಿಗುಡ್ಡದಲ್ಲಿ ಈಗ ಮೊಣಕಾಲೆತ್ತರದ ಗೋಡೆಯೂ ಇಲ್ಲ, ಬರೀ ಜಾಲಿ. ಆದರೂ ನಿಯಮದಂತೆ ನಿಂತು, ಈ ನೀರು ಕುಡೀಬ್ಯಾಡ್ರಿ ಎಂದು ಅವರ ಮಾತಿನಲ್ಲೇ ಗಟ್ಟಿಯಾಗಿ ಓದಿದೆ. ಆಮೇಲೆ ಹೆಸರು ಬರೆಸಿಕೊಳ್ಳುವ ಪುಸ್ತಕ ತೆರೆದು ಬಹಳ ಹೊತ್ತು ನಿಂತೆ. ಅಳು ಬಂತು. ನಿಮ್ಮ ಮೇಲೆ ಕೆಟ್ಟ ಸಿಟ್ಟೂ ಬಂತು.

ಈ ಕಾಗದವನ್ನು ಕಾಲದಲ್ಲಿ ಹಿಂದಕ್ಕೆ, ನೀವು ಮಾದರಿ ತೆಗೆದ ವರ್ಷಕ್ಕೇ ಕಳಿಸುತ್ತಿದ್ದೇನೆ; ನಿಮ್ಮ ಕೈಸೇರುವ ಹೊತ್ತಿಗೆ ಹುಲಿಗೆಮ್ಮನ ಬಸಿರಿಗೆ ಇನ್ನೂ ಐದು ತಿಂಗಳು. ಆ ಮಗು ಏನಾಯಿತೆಂದು ನಾನು ಓದಿದ್ದೇನೆ, ಇಲ್ಲಿ ಬರೆಯಲಾರೆ. ಪ್ರಬಂಧ ಹಾಗೇ ಇರಲಿ, ಇವತ್ತೇ ಹೊರಡಿ. ನೀವು ಬಾಗಿಲು ತಟ್ಟಿದರೆ ಅವಳು ತೆರೆಯುತ್ತಾಳೆ.

ಸಾವಂತ್ರಿ ಬನ್ನಿಕೊಪ್ಪ
ಮರುಮಾತುಗಾರ್ತಿ