ಮೊದಲು ಓಡುವವನು

ಮನೆ, ಐದನೇ ಮಹಡಿ
ಭಾನುವಾರ, ಹದಿನಾರನೇ ತಾರೀಖು, ಊಟವಾದ ಮೇಲೆ

ನನ್ನ ಮೊಂಡನಿಗೆ,

ಹೇಗಿದ್ದೀಯೋ? ಕಾಲಿನ ಬೊಬ್ಬೆ ಒಣಗಿತೇ? ಬೂಟು ಒಂದು ಅಳತೆ ದೊಡ್ಡದು ಕೊಟ್ಟಿದ್ದಾರೆ ಎಂದು ಬರೆದಿದ್ದೆ. ಎರಡು ಜೊತೆ ಕಾಲುಚೀಲ ಹಾಕಿಕೋ. ಒದ್ದೆಯಾದವನ್ನು ಅಂಗಿಯೊಳಗೆ ಹೊಟ್ಟೆಯ ಮೇಲಿಟ್ಟುಕೊಂಡರೆ ಬೆಳಗಾಗುವಷ್ಟರಲ್ಲಿ ಒಣಗುತ್ತವಂತೆ, ನಿನ್ನ ತಂಗಿ ಎಲ್ಲೋ ಓದಿದ್ದಾಳೆ. ಅವಳು ಚೆನ್ನಾಗಿದ್ದಾಳೆ. ಓದುವುದು ಕಡಿಮೆ, ನನಗೆ ಬುದ್ಧಿ ಹೇಳುವುದು ಜಾಸ್ತಿ. ನನ್ನ ಮೊಣಕಾಲು ಮಾತ್ರ ಮಾತು ಕೇಳುತ್ತಿಲ್ಲ. ನಮ್ಮ ಕಟ್ಟಡದ ಲಿಫ್ಟು ಕೆಟ್ಟು ಹನ್ನೆರಡು ದಿನವಾಯಿತು, ಯುದ್ಧ ಶುರುವಾದಾಗಿನಿಂದ ಬಿಡಿಭಾಗ ಬರುತ್ತಿಲ್ಲ. ಇಪ್ಪತ್ತೇಳು ವರ್ಷ ಊರಿನವರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿದವನು ಈಗ ಚೀಲ ಹಿಡಿದುಕೊಂಡು ಐದು ಮಹಡಿ ಹತ್ತುತ್ತಿದ್ದೇನೆ. ಕೆಳಗಿನ ಮನೆಯ ಟೈಲರಮ್ಮ ಬಾಗಿಲಲ್ಲೇ ನಿಂತಿರುತ್ತಾಳೆ, "ಏನ್ರೀ, ಡಾಕ್ಟರಿಗೇ ಜ್ವರಾನಾ?" ಎಂದು ಕೇಳಲಿಕ್ಕೆ. ದಿನಾ ಅದೇ ಮಾತು, ದಿನಾ ಅದೇ ನಗು. ಬೈಯೋಣವೆಂದರೆ ನಿನ್ನ ಕ್ಷೇಮವನ್ನು ಮೊದಲು ವಿಚಾರಿಸುವವಳೂ ಅವಳೇ.

ನಿನ್ನ ಪತ್ರ ಬುಧವಾರ ಬಂತು. ಓದುತ್ತ ಊಟ ಮಾಡುತ್ತಿದ್ದೆ. ಸೋಪು ಮುಗಿದಿದೆ ಎಂದು ಬರೆದಿದ್ದೀಯ, ಚಳಿ ಹೆಚ್ಚಾಗಿದೆ ಎಂದು ಬರೆದಿದ್ದೀಯ, ಇವೆರಡರ ಮಧ್ಯೆ ಹೂರಣದ ಹಾಗೆ ಆ ಮಾತನ್ನು ತುರುಕಿದ್ದೀಯ: "ಎಲ್ಲರಿಗಿಂತ ಮುಂದೆ ಹೋಗೋ ತುಕಡಿಗೆ ಹೆಸರು ಕೊಟ್ಟೆ ಅಪ್ಪ. ಸೇತುವೆ ದಾಟುವಾಗ ಯಾರಾದ್ರೂ ಒಬ್ಬ ಮೊದಲು ಓಡ್ಲೇಬೇಕಲ್ವಾ. ತಿಂಗಳ ಕೊನೇವರೆಗೂ ವಾಪಸ್ ತಗೋಬಹುದಂತೆ, ನಾನು ತಗೊಳ್ಳಲ್ಲ." ತಟ್ಟೆ ತಳ್ಳಿ ಎದ್ದೆ. ನಾನು ಕೂಗಾಡಿದ್ದು ಟೈಲರಮ್ಮನ ಮನೆಗೂ ಕೇಳಿಸಿರಬೇಕು. ಆ ಹೊತ್ತಿನಲ್ಲೇ ಉತ್ತರ ಬರೆದಿದ್ದರೆ ಬರೀ ಬೈಗುಳವಿರುತ್ತಿತ್ತು. ನಿನ್ನ ತಂಗಿ ಪೆನ್ನು ಕಿತ್ತಿಟ್ಟಳು. "ಈಗ ಬರೀಬೇಡಪ್ಪ. ಮೊದಲು ಅಣ್ಣನ ಆ ಕಂಪ್ಯೂಟರ್ ಆಟ ಆಡು. ಅವನು ಯಾಕೆ ಹೀಗೆ ಅಂತ ಗೊತ್ತಾಗುತ್ತೆ" ಎಂದಳು. ನನಗೆ ಇನ್ನೂ ಸಿಟ್ಟು ಬಂತು. ಮಗ ಸಾಯಲು ಹೊರಟಿದ್ದಾನೆ, ಇವಳಿಗೆ ಆಟದ ಚಿಂತೆ!

ಆ ಆಟವನ್ನು ನಾನು ಎಷ್ಟು ಬೈದಿದ್ದೆ, ನಿನಗೆ ನೆನಪಿರಬಹುದು. ಹೆಲಿಕಾಪ್ಟರ್ ಹಾರುತ್ತದೆ, ಸೈನಿಕ ವೈರ್‌ಲೆಸ್‌ನಲ್ಲಿ ಮಾತಾಡುತ್ತಾನೆ, ಮರುಕ್ಷಣ ಬೂದಿಯಲ್ಲಿ ವೃತ್ತ ಬರೆದು ಬೆಂಕಿಯ ಗೋಡೆ ಎಬ್ಬಿಸುತ್ತಾನೆ. "ಬಂದೂಕು ಇರೋನಿಗೆ ಮಂತ್ರ ಯಾಕೋ? ಮಂತ್ರ ಬರೋನಿಗೆ ಬಂದೂಕು ಯಾಕೋ?" ಎಂದು ಕೇಳಿದ್ದೆ. ನೀನು ಪರದೆಯಿಂದ ಕಣ್ಣು ತೆಗೆಯದೆ, "ಎರಡೂ ಸಾಕಾಗಲ್ಲಪ್ಪ" ಎಂದಿದ್ದೆ. ಗುರುವಾರ, ಶುಕ್ರವಾರ, ನಿನ್ನೆ, ಹೀಗೆ ಮೂರು ಸಂಜೆ ಕೆಲಸದಿಂದ ಬಂದು ಗ್ರೀಸಿನ ಕೈ ತೊಳೆದುಕೊಂಡು ಅದರ ಮುಂದೆ ಕೂತೆ. ಯಾವ ಗುಂಡಿ ಒತ್ತಬೇಕೆಂದು ತಂಗಿ ಕಲಿಸಿದಳು. ಒಂದು ವಿಷಯ ಒಪ್ಪಬೇಕು, ಅಂಥ ಸಭ್ಯ ಶತ್ರುಗಳನ್ನು ನಾನು ಕಂಡಿಲ್ಲ. ನಮ್ಮವರೆಲ್ಲರ ನಡೆ ಮುಗಿದು, "ಸರದಿ ಮುಗಿಯಿತು" ಎಂದು ಒತ್ತುವ ತನಕ ಒಬ್ಬನೂ ಅಲುಗಾಡುವುದಿಲ್ಲ. ಎದ್ದು ಹೋಗಿ ಟೀ ಕುಡಿದು ಬಂದೆ, ಶತ್ರುಪಡೆಯ ಹೊಗೆಯ ಭೂತಗಳೂ ಬಂದೂಕಿನವರೂ ನಿಂತಲ್ಲೇ ನಿಂತಿದ್ದರು. ಅಲ್ಲಿ ನಿಮಗೆ ಎದುರಾಗಿರುವವರು ಟೀ ಮುಗಿಯುವವರೆಗೆ ಕಾಯುತ್ತಾರೇನೋ?

ಆಮೇಲೆ ನಿನ್ನ ಪಡೆಯ ಪಟ್ಟಿ ತೆಗೆದೆವು. ಕಳ್ಳ, ಮನೆಯವರನ್ನೆಲ್ಲ ಸೈನ್ಯಕ್ಕೆ ಸೇರಿಸಿಬಿಟ್ಟಿದ್ದೀಯಲ್ಲ! ತಂಗಿ ಮಹಡಿಯ ಮೇಲೆ ಮಲಗಿ ದೂರದ ಗುರಿ ಹೊಡೆಯುವವಳು. ಟೈಲರಮ್ಮನೂ ಇದ್ದಾಳೆ, ದಾರದಿಂದ ಭೂತಗಳ ಕಾಲು ಕಟ್ಟುವ ಮಂತ್ರವಾದಿನಿ. ಅದನ್ನು ಹೇಳಿದರೆ ಮೂರು ದಿನ ನೆಲದ ಮೇಲೆ ನಿಲ್ಲುವುದಿಲ್ಲ ಅವಳು. ನನ್ನ ಕೈಗೊಂದು ಸ್ಪ್ಯಾನರ್ ಕೊಟ್ಟು ಎಂಜಿನಿಯರ್ ಮಾಡಿದ್ದೀಯ. ಆದರೆ ಮೂವತ್ತೊಂದು ಕಾಳಗ ನಡೆದಿವೆ, ಅಪ್ಪನನ್ನು ಒಂದಕ್ಕೂ ಕರೆದುಕೊಂಡು ಹೋಗಿಲ್ಲ. ಶಿಬಿರದಲ್ಲೇ ಕೂರಿಸಿದ್ದೀಯ, ಮೈಮೇಲೆ ಒಂದು ಗೀರೂ ಇಲ್ಲ. ಮೊದಲು ಅವಮಾನವಾಯಿತು, ಆಮೇಲೆ ಕಣ್ಣು ಮಂಜಾಯಿತು. ಇನ್ನೂ ಒಬ್ಬರ ಹೆಸರು ಆ ಪಟ್ಟಿಯಲ್ಲಿದೆ. ಅದನ್ನು ಈಗ ಬರೆಯಲು ಕೈ ಬರುತ್ತಿಲ್ಲ. ಎಲ್ಲರಿಗಿಂತ ಮೇಲೆ "ಮೊಂಡ" ಎಂದು ನಿನ್ನ ಹೆಸರಿದೆ. ಅದರ ಮುಂದೆ ಲೆಕ್ಕ ಕೊಟ್ಟಿದ್ದಾರೆ: ಬಿದ್ದದ್ದು ಹನ್ನೊಂದು ಸಲ, ಎದ್ದದ್ದು ಹನ್ನೊಂದು ಸಲ.

ಎದ್ದದ್ದು ಹೇಗೆ ಎಂದು ತಂಗಿಯನ್ನು ಕೇಳಿದೆ. ಗುಂಡು ತಗಲಿ ಬಿದ್ದವನನ್ನು ಮೂರು ಸರದಿಯೊಳಗೆ ಶುಶ್ರೂಷೆಯ ಮಂತ್ರ ಬಲ್ಲವರು ಹೋಗಿ ಮುಟ್ಟಿದರೆ ಏಳುತ್ತಾನೆ, ಮುಟ್ಟದಿದ್ದರೆ ಹೋದ, ಮತ್ತೆ ಬರುವುದಿಲ್ಲ ಎಂದಳು. ಹಾಗಾದರೆ ನಾನು ಯಾರನ್ನೂ ಬೀಳಲೇ ಬಿಡುವುದಿಲ್ಲ ಎಂದುಕೊಂಡೆ. ಎಲ್ಲರನ್ನೂ ಗೋಡೆಯ ಹಿಂದೆ, ಮರಳಿನ ಮೂಟೆಯ ಹಿಂದೆ ಕೂರಿಸಿ ಒಂದೊಂದೇ ಹೆಜ್ಜೆ ಹಾಕಿಸಿದೆ. ಆಚೆ ದಡದ ಶಾಲೆಯಲ್ಲಿ ಸಿಕ್ಕಿಕೊಂಡವರನ್ನು ಕರೆತರಬೇಕಿತ್ತು, ಎಂಟು ಸರದಿಯ ಗಡುವು. ನಾವು ಸೇತುವೆಯ ಈಚೆ ಕೂತಿರುವಾಗಲೇ ಎಂಟೂ ಮುಗಿದವು, ಶಾಲೆ ಉರಿಯಿತು. ಸೋತ ಕಾಳಗವನ್ನು ಮತ್ತೆ ಮೊದಲಿನಿಂದ ಆಡಬಹುದಂತೆ, ಎರಡು ಸಲ ಹಾಗೇ ಆಯಿತು. ಎದುರಿನವರು ನಿಂತಲ್ಲಿಂದಲೇ ಬಂದೂಕು ನೆಟ್ಟು ಕಾಯುತ್ತಿರುತ್ತಾರೆ, ನಮ್ಮ ಸರದಿಯೇ ಆದರೂ ಮೊದಲು ಯಾವನು ಮರೆ ಬಿಟ್ಟು ಕದಲಿದರೂ ಅವನ ಮೇಲೆ ಅಷ್ಟೂ ಗುಂಡು ಸುರಿದುಬಿಡುತ್ತಾರೆ, ಆಮೇಲೆ ಆ ಸರದಿಗೆ ಅವರ ಬಂದೂಕು ಖಾಲಿ. ಉಳಿದವರು ನಿರಾಳವಾಗಿ ದಾಟಬಹುದು. ಅಂದರೆ ಯಾರೋ ಒಬ್ಬ ಮೊದಲು ಓಡಬೇಕು. ನಿನ್ನ ಹಳೆಯ ಕಾಳಗಗಳನ್ನು ತಂಗಿ ಹಾಕಿ ತೋರಿಸಿದಳು. ಮೂವತ್ತೊಂದರಲ್ಲೂ ಮೊದಲು ಓಡಿದವನು ಮೊಂಡನೇ. ಆಗ ನಿನ್ನ ಪತ್ರದ ಮಾತು ಎಲ್ಲಿಂದ ಬಂತೆಂದು ಅರ್ಥವಾಯಿತು. ನಿನ್ನ ಲೆಕ್ಕ ತಪ್ಪೆಂದು ನಾನು ಹೇಳುವುದಿಲ್ಲ. ಎರಡು ಸಲ ಶಾಲೆ ಸುಟ್ಟವನು ಹೇಗೆ ಹೇಳಲಿ?

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಆರು ವರ್ಷದವನಿದ್ದಾಗ ನೀನು ಆಸ್ಪತ್ರೆಯ ಹಿಂದಿನ ಗೋಡೆಯಿಂದ ಮರಳಿನ ರಾಶಿಗೆ ಹಾರುತ್ತಿದ್ದೆ. ಉಳಿದ ಮಕ್ಕಳು ಕೆಳಗೆ ನೋಡಿ ಹಿಂಜರಿಯುತ್ತಿದ್ದರು. ನೀನು ಕೆಳಗೆ ನೋಡುತ್ತಲೇ ಇರಲಿಲ್ಲ, ಅಮ್ಮ ನರ್ಸಾಗಿದ್ದ ವಾರ್ಡಿನ ಕಿಟಕಿ ನೋಡುತ್ತಿದ್ದೆ. ನಾನು ಗದರಿದರೆ, "ಬಿದ್ರೆ ಅಮ್ಮ ಇದಾಳಲ್ಲ" ಎನ್ನುತ್ತಿದ್ದೆ. ಗಲ್ಲದ ಕೆಳಗಿನ ನಾಲ್ಕು ಹೊಲಿಗೆ ಅವಳೇ ಹಾಕಿದ್ದು. ಹೊಲಿಗೆ ಮುಗಿಸಿ, ಪಾಳಿಯನ್ನೂ ಮುಗಿಸಿ, ಮನೆಗೆ ಬಂದು ಅಡಿಗೆಮನೆಯಲ್ಲಿ ಕೂತು ಅತ್ತಳು. ಅವಳು ಹೋಗಿ ಈ ತಿಂಗಳಿಗೆ ಮೂರು ವರ್ಷ. ಅವಳ ಬಿಳಿ ಚಪ್ಪಲಿ ಇನ್ನೂ ಬಾಗಿಲ ಹಿಂದೆಯೇ ಇದೆ. ತೆಗೆದಿಡು ಎಂದು ಯಾರೂ ಹೇಳುವುದಿಲ್ಲ, ನಾನೂ ತೆಗೆಯುವುದಿಲ್ಲ.

ನನ್ನ ಕಸುಬಿನ ಒಂದು ಕಟ್ಟಳೆ ನಿನಗೆ ಗೊತ್ತು. ಲಿಫ್ಟಿನ ಬಾವಿಗೆ ಇಳಿಯುವ ಮುಂಚೆ ಕರೆಂಟು ತೆಗೆದು, ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಟ್ಟುಕೊಂಡೇ ಇಳಿಯಬೇಕು. ಇನ್ನೊಬ್ಬ ಹಾಕಿದ ಬೀಗ ನನ್ನ ಬೀಗವಲ್ಲ. "ಮೇಲೆ ನಾನಿದ್ದೀನಿ, ನೀನು ಇಳಿ" ಎಂದು ಯಾರು ಹೇಳಿದರೂ ಇಳಿಯಕೂಡದು. ನಾವೆಲ್ಲ ಎಣ್ಣೆಡಬ್ಬಿ ಎಂದು ಕರೆಯುತ್ತಿದ್ದ ನನ್ನ ಜೊತೆಗಾರ ಒಂದೇ ಒಂದು ಸಲ ಹಾಗೆ ಇಳಿದ. ಮೇಲಿದ್ದವನು ಕೆಟ್ಟವನಲ್ಲ, ಯಾರೋ ಕರೆದರೆಂದು ಎರಡು ನಿಮಿಷ ಆಚೆ ಹೋಗಿದ್ದ, ಅಷ್ಟೇ. ಅಷ್ಟರಲ್ಲಿ ಇನ್ಯಾರೋ ಕರೆಂಟು ಹಾಕಿದರು, ಇಳಿದವನು ಜೀವಂತ ಮೇಲೆ ಬರಲಿಲ್ಲ. ಎಣ್ಣೆಡಬ್ಬಿಯ ಹೆಂಡತಿ ನನ್ನನ್ನು ಕಂಡರೆ ಇವತ್ತಿಗೂ ಅದೇ ಎರಡು ನಿಮಿಷದ ಮಾತೆತ್ತುತ್ತಾಳೆ. ನಿನ್ನ ಹಿಂದೆ ಯಾರಿದ್ದಾರೆ ಎಂದು ನೀನು ನೋಡಿಕೊಂಡಿದ್ದೀಯಾ? ಶುಶ್ರೂಷೆಯವನು ಎಷ್ಟು ಹೆಜ್ಜೆ ದೂರದಲ್ಲಿರುತ್ತಾನೆ? ಅವನು ಬರುವವರೆಗೆ ಎದುರಿನವರು ಕಾಯುತ್ತಾರೇನು? ಇದನ್ನು ನಿನ್ನ ಹವಾಲ್ದಾರರನ್ನು ಕೇಳು. ಕೇಳಲು ನಾಚಿಕೆ ಬೇಡ.

ಸೋಪು, ಎರಡು ಜೊತೆ ಉಣ್ಣೆಯ ಕಾಲುಚೀಲ, ಟೈಲರಮ್ಮ ಹೊಲಿದ ಕಿವಿ ಮುಚ್ಚುವ ಟೋಪಿ ಕಳಿಸುತ್ತಿದ್ದೇನೆ. ಟೋಪಿ ನೋಡಿ ನಗಬೇಡ, ಪಾಪ, ನಿನ್ನ ತಲೆಯ ಅಳತೆಯನ್ನು ನೆನಪಿನಿಂದಲೇ ತೆಗೆದದ್ದು. ತಂಗಿ ಮುತ್ತು ಕಳಿಸಿದ್ದಾಳೆ, ಜಗಳವನ್ನು ಮುಂದಕ್ಕೆ ಹಾಕಿದ್ದಾಳಂತೆ. ಹಿಡಿದ ಕೆಲಸ ಕೈಗೂಡಲಿ, ತಲೆಯ ಮೇಲೆ ನಿನ್ನ ತಾಯಿಯ ನೆರಳಿರಲಿ, ನೂರು ವರ್ಷ ಬಾಳು ಮಗನೇ.

ನಿನ್ನ ದಾರಿ ಕಾಯುತ್ತಿರುವ,
ಅಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಬರೆಯದೆ ಬಿಟ್ಟ ಹೆಸರು ನಿನಗೆ ಗೊತ್ತೇ ಇದೆ. ಶುಶ್ರೂಷೆಯ ಮಂತ್ರದವಳಿಗೆ "ಅಮ್ಮ" ಎಂದು ಹೆಸರಿಟ್ಟಿದ್ದೀಯ, ಅದೇ ಬಿಳಿ ಚಪ್ಪಲಿ ಹಾಕಿದ್ದೀಯ. ಹನ್ನೊಂದು ಸಲವೂ ಓಡಿಬಂದು ನಿನ್ನನ್ನು ಮುಟ್ಟಿ ಎಬ್ಬಿಸಿದವಳು ಅವಳೇ. ನಿನ್ನೆ ಮೂರನೇ ಸಲ ಸೇತುವೆಗೆ ಹೊರಟಾಗ ಅವಳನ್ನು ಗುಂಡಿನ ಬಾಯಿಗೆ ಕಳಿಸಲು ನನ್ನಿಂದಾಗಲಿಲ್ಲ ಕಣೋ. ಜೀವನವಿಡೀ ಎರಡೆರಡು ಪಾಳಿ ದುಡಿದವಳು, ಒಂದು ದಿನವಾದರೂ ಕೂತಿರಲಿ ಎಂದು ಶಿಬಿರದಲ್ಲಿ ಬಿಟ್ಟು ಅವಳ ಜಾಗಕ್ಕೆ ನಾನು ಬಂದೆ. ಮೊಂಡನನ್ನು ನಿನ್ನ ಹಾಗೆಯೇ ಮೊದಲು ಓಡಿಸಿದೆ. ಬಿದ್ದ. ಉಳಿದವರೆಲ್ಲ ದಾಟಿದರು, ಶಾಲೆ ಉಳಿಯಿತು. ಅವನ ತಲೆಯ ಮೇಲೆ ಮೂರು ಎಂದು ಬಂತು, ಎರಡು ಎಂದು ಬಂತು. ನಾನು ಪಕ್ಕದಲ್ಲೇ ಸ್ಪ್ಯಾನರ್ ಹಿಡಿದು ನಿಂತಿದ್ದೆ, ಮುಟ್ಟಿದೆ, ಏನೂ ಆಗಲಿಲ್ಲ. ತಂಗಿ "ಅಮ್ಮನ್ನ ಯಾಕಪ್ಪಾ ಬಿಟ್ಟುಬಂದೆ" ಎಂದು ಕಿರುಚಿದಳು. ಆಡಿದ್ದು ಅಳಿಸಿಹೋಗಲೆಂದು ಸ್ವಿಚ್ಚು ತೆಗೆದೆ, ಮತ್ತೆ ಹಾಕಿದೆ. ಗೆದ್ದ ಕಾಳಗವನ್ನು ಆಟ ತಾನಾಗಿಯೇ ಬರೆದಿಟ್ಟುಕೊಳ್ಳುತ್ತದೆಯಂತೆ, ನನಗೆ ಗೊತ್ತಿರಲಿಲ್ಲ. ಈಗ ಪಟ್ಟಿಯಲ್ಲಿ ನಿನ್ನ ಹೆಸರು ಬೂದುಬಣ್ಣ. ಬಿದ್ದದ್ದು ಹನ್ನೆರಡು, ಎದ್ದದ್ದು ಹನ್ನೊಂದು. ನಿನ್ನ ಆಟ ಕೆಡಿಸಿದ್ದಕ್ಕೆ ಎಷ್ಟಾದರೂ ಬೈಯಿ, ಮನೆಗೆ ಬಂದು ಬೈಯಿ. ಹೆಸರು ವಾಪಸು ತಗೋ ಮಗನೇ. ನೀನು ಈಗಲೂ ಕಿಟಕಿ ನೋಡಿಕೊಂಡೇ ಹಾರುತ್ತಿದ್ದೀಯ. ಅಲ್ಲಿ ಅಮ್ಮ ಇಲ್ಲ.