ಪಾರ್ಕಿನ ಗುಂಡಿಯ ಮೇಲೆ ಸಿಂಹಾಸನ

ಭಾನುವಾರ, ಸಂಜೆ

ಮಹಾಜನಗಳೇ! ಊಟದ ಮೇಜಿನ ಸುತ್ತ ನೆರೆದಿರುವ ಸಭಿಕರೇ! ಅಳಿಯಂದಿರೇ, ಬೀಗಿತ್ತಿಯವರೇ, ಪೇಪರ್ ಮರೆಯಲ್ಲಿ ಕೂತು ಏನೂ ಕೇಳದವರಂತೆ ನಟಿಸುತ್ತಿರುವ ಬೀಗರೇ! ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿ. ಚಹಾ ಬೇಕಾದವರು ಈಗಲೇ ತಂದಿಟ್ಟುಕೊಳ್ಳಿ. ನಡುವೆ ಎದ್ದು ಹೋದವರಿಗೆ ಕಥೆ ಮತ್ತೆ ಹೇಳಲಾಗುವುದಿಲ್ಲ. ಇಗೋ, ಪರದೆ ಮೇಲೇರಿತು!

ಚಿರಂಜೀವಿ ಮಗಳಿಗೆ ನಿನ್ನ ಅಪ್ಪನ ಆಶೀರ್ವಾದಗಳು. ನನ್ನ ಕಾಗದ ಬಂದರೆ ನೀನು ಮನೆಮಂದಿಗೆಲ್ಲ ಗಟ್ಟಿಯಾಗಿ ಓದುತ್ತೀಯೆಂದು ಗೊತ್ತು, ಅದಕ್ಕೇ ಈ ನಾಂದಿ. ಉತ್ತರ ತಡವಾಯಿತು, ಕ್ಷಮಿಸು. ನಿನ್ನ ಕಾಗದ ಬಂದ ದಿನವೇ ಪೆನ್ನು ಹಿಡಿದು ಕೂತಿದ್ದೆ. ಆದರೆ ನೀನು ಬರೆದದ್ದು ಒಂದೇ ಸಾಲು: "ಅಪ್ಪಾ, ಆ ಗುಂಡಿ ಮುಚ್ಚೋ ತನಕ ಬುಗುರಿಯನ್ನ ನಿಮ್ಮ ಬೀದಿಗೆ ಕಳಿಸೋಲ್ಲ. ರಜೆಗೂ ಇಲ್ಲ, ಒಂದು ಭಾನುವಾರಕ್ಕೂ ಇಲ್ಲ." ಐದಂಕದ ನಾಟಕವನ್ನು ಬಾಯಿಪಾಠ ಹೇಳುವ ನಿನ್ನಪ್ಪನಿಗೆ ಈ ಒಂದು ಸಾಲಿಗೆ ಎದುರು ಮಾತು ಹೊಳೆಯಲಿಲ್ಲ. "ಗುಂಡಿ ಮುಚ್ಚಿಸಿ, ಆಮೇಲೆ ಬರೀರಿ. ಅಲ್ಲೀವರೆಗೆ ಕಾಗದ ದಂಡ" ಎಂದಳು ನಿನ್ನಮ್ಮ. ಪೆನ್ನು ಕೆಳಗಿಟ್ಟೆ.

ಕಥೆಯ ಹಿನ್ನೆಲೆ ಮನೆಮಂದಿಗೆ ಗೊತ್ತಿದೆ. ಆದರೂ ಹೇಳದೆ ಮುಂದೆ ಹೋಗುವುದು ಸೂತ್ರಧಾರನಿಗೆ ಶೋಭೆಯಲ್ಲ. ನಮ್ಮ ಮನೆಯ ಎದುರು ಪಾರ್ಕು. ಪಾರ್ಕಿನಲ್ಲಿ ಜೋಕಾಲಿ. ಜೋಕಾಲಿಯ ಹಿಂದೆ ಮೊಣಕಾಲೆತ್ತರ ಹುಲ್ಲು. ಆ ಹುಲ್ಲಿನೊಳಗೆ ಬಾಯಿ ತೆರೆದು ಕೂತ ಚರಂಡಿ ಗುಂಡಿ, ಅದರ ಮುಚ್ಚಳ ಯಾವ ಕಾಲದಲ್ಲೋ ಮಾಯ. ಒಂದು ಕಡೆ ನಿಲ್ಲದ ನಮ್ಮ ಆರು ವರ್ಷದ ಮೊಮ್ಮಗಳು ಬುಗುರಿ ಜೋಕಾಲಿಯಿಂದ ಜಿಗಿದವಳು ನೇರ ಅದರೊಳಗೆ ಕಂಕುಳವರೆಗೆ ಇಳಿದಳು. ಪಕ್ಕದ ಬೆಂಚಿನಲ್ಲಿ ಕೂತು ಗಿರಾಕಿಗಳ ಷರಟಿಗೆ ಗುಂಡಿ ಹೊಲಿಯುತ್ತಿದ್ದ ನಮ್ಮ ಬೀದಿಯ ಟೈಲರಮ್ಮ ಸೂಜಿ ಎಸೆದು ಓಡಿ, ಕೈಗೆ ಸಿಕ್ಕ ಜಡೆ ಹಿಡಿದು ಎಳೆದಳು. ಮಂಡಿ ತರಚಿತು, ಒಂದು ಚಪ್ಪಲಿ ಹೋಯಿತು. ಅಷ್ಟಕ್ಕೇ ಮುಗಿಯಿತು ಎಂದುಕೊಂಡೆವು.

ಅಂದೇ ನಾನು ಅಟ್ಟದಿಂದ ನನ್ನ ಸಿಂಹಾಸನ ಇಳಿಸಿದೆ. ನಾಟಕ ಕಂಪನಿ ಮುಚ್ಚಿದಾಗ ಸಂಬಳದ ಬದಲು ನನಗೆ ದಕ್ಕಿದ ಸಿಂಹಾಸನ! ಎಷ್ಟು ರಾಜರು ಕೂತು ಮೆರೆದದ್ದು, ಎಷ್ಟು ಖಳರು ಹತ್ತಿ ಬಿದ್ದದ್ದು! ಅದನ್ನು ಹೊತ್ತು ತಂದು ಗುಂಡಿಯ ಮೇಲೆ ಇಟ್ಟೆ. ನಿನ್ನಮ್ಮ ಸೊಂಟಕ್ಕೆ ಕೈಯಿಟ್ಟು ನೋಡಿ, "ನಲವತ್ತು ವರ್ಷಕ್ಕೆ ಒಂದು ಉಪಯೋಗಕ್ಕೆ ಬಂತು" ಎಂದಳು.

ಆದರೆ ಸಿಂಹಾಸನ ಮುಚ್ಚಳವಲ್ಲವಲ್ಲ ಮಗಳೇ. ನಾನೂ ಟೈಲರಮ್ಮನೂ ಪಾರ್ಕಿನ ಕಚೇರಿಗೆ ಹೋದೆವು. "ಗುಂಡಿ ಚರಂಡಿಯವರದ್ದು" ಎಂದರು. ಚರಂಡಿಯ ಕಚೇರಿಗೆ ಹೋದೆವು. "ಜಾಗ ಪಾರ್ಕಿನವರದ್ದು" ಎಂದರು. ಮತ್ತೆ ಪಾರ್ಕಿನ ಕಚೇರಿಗೆ ಹೋದರೆ ಅಲ್ಲಿಯವರು ಊಟಕ್ಕೆ ಹೋಗಿದ್ದರು. ವಾಪಸು ಬರುತ್ತಾ ಟೈಲರಮ್ಮ, "ಹುಲ್ಲು ಅವರದು, ಚರಂಡಿ ಇವರದು, ಬೀಳೋ ಮಕ್ಕಳು ಮಾತ್ರ ನಮ್ಮವು, ಅಲ್ವಾ ಅಣ್ಣಾ?" ಎಂದಳು. ನನ್ನ ಜೀವಮಾನದಲ್ಲಿ ಅಂಥ ಮಾತು ಬರೆದುಕೊಟ್ಟ ನಾಟಕಕಾರ ಸಿಗಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು: ನಮ್ಮ ವಾರ್ಡಿನ ಮೆಂಬರ್ ಸಾಹೇಬರು ಈ ಭಾನುವಾರ ಪಾರ್ಕಿನಲ್ಲೇ ಜನರ ಅಹವಾಲು ಕೇಳುತ್ತಾರಂತೆ. ಚುನಾವಣೆ ಹತ್ತಿರ ಬಂದಾಗ ಅವರ ಕಿವಿ ಚುರುಕಾಗುತ್ತದೆ. ನಾನು ಎದೆ ತಟ್ಟಿಕೊಂಡೆ. ತಾಲೀಮಿಲ್ಲದೆ ರಂಗಕ್ಕೆ ಇಳಿಯುವುದುಂಟೇ? ಬೀದಿಯವರನ್ನೆಲ್ಲ ಕ್ಷೌರದಂಗಡಿಗೆ ಕರೆದೆ. ಅಹವಾಲು ಹೇಳುವವರು ಯಾರು, ಮೊದಲ ಮಾತು ಯಾರದು, ಎಲ್ಲ ಹಂಚಿದೆ. ಮೆಂಬರ್ ಪಾತ್ರ ಕ್ಷೌರಿಕನಿಗೆ. ದಿನವಿಡೀ ಕನ್ನಡಿಯ ಮುಂದೆ ನಿಂತು "ಹತ್ತು ವರ್ಷ ಚಿಕ್ಕೋರಾದ್ರಿ ಸಾರ್" ಎನ್ನುವವನಿಗಿಂತ ಚೆನ್ನಾಗಿ ಭರವಸೆ ಕೊಡುವವರು ಯಾರಿದ್ದಾರೆ?

ಅವನು ಹೆಗಲ ಮೇಲಿನ ಟವೆಲ್ಲನ್ನೇ ಶಾಲು ಮಾಡಿಕೊಂಡು ಗಿರಾಕಿಯ ಕುರ್ಚಿಯ ಮುಂದೆ ಕೈಮುಗಿದು ನಿಂತ.

"ಅಕ್ಕಂದಿರೇ, ಅಣ್ಣಂದಿರೇ! ನಿಮ್ಮ ಮಕ್ಕಳು ಬೇರೆ ಅಲ್ಲ, ನನ್ನ ಮಕ್ಕಳು ಬೇರೆ ಅಲ್ಲ. ಈ ವಿಷಯ ಕೇಳಿ ನಂಗೆ ರಾತ್ರಿ ನಿದ್ದೆ ಬಂದಿಲ್ಲ. ಮಕ್ಕಳ ರಕ್ಷಣೆಯೇ ನನ್ನ ಮೊದಲ ಕರ್ತವ್ಯ. ಆದಷ್ಟು ಬೇಗ ಸೂಕ್ತ ಕ್ರಮ ಕೈಗೊಳ್ತೀವಿ. ಇದು ನನ್ನ ಮಾತು!"

ಏನು ಧ್ವನಿ! ಏನು ಕಣ್ಣೀರು! ಅಂಗಡಿ ತುಂಬ ಚಪ್ಪಾಳೆ. ನಿವೃತ್ತ ಹೆಡ್‌ಮಿಸ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಒಳ್ಳೇ ಮನುಷ್ಯ ಕಣ್ರೀ" ಎಂದು ಒಬ್ಬರು, "ಇನ್ನು ಚಿಂತೆ ಇಲ್ಲ" ಎಂದು ಇನ್ನೊಬ್ಬರು. ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗಿಯೇ ಬಿಟ್ಟರು! ಅಹವಾಲು ಹೇಳಬೇಕಾದವರಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಉಳಿದವರು ನಾನು, ಕ್ಷೌರಿಕ, ಟೈಲರಮ್ಮ.

"ಅಣ್ಣಾ, ಗುಂಡಿ ಮುಚ್ಚಿತಾ?" ಎಂದಳು ಅವಳು.

"ಇಲ್ಲ ತಾಯಿ."

"ಮತ್ತೆ ಎಲ್ಲಾರೂ ಯಾಕೆ ಹೋದ್ರು?"

ಕ್ಷೌರಿಕ ಟವೆಲ್ ತೆಗೆದು ಮಡಚುತ್ತಾ, "ನಂಗೂ ಒಂದು ಗಳಿಗೆ ಮುಚ್ಚಿಹೋಯ್ತು ಅನ್ನಿಸ್ತು ಅಕ್ಕಾ" ಎಂದ. ಮೂವರೂ ಬಿದ್ದು ಬಿದ್ದು ನಕ್ಕೆವು. ನಗುತ್ತಲೇ ನನಗೆ ಬೆವರಿತು. ಸುಳ್ಳು ಮೆಂಬರಿಗೇ ಹೀಗೆ ಕರಗಿದವರು ನಿಜವಾದವರ ಮುಂದೆ ಏನು ನಿಂತಾರು? ಇಷ್ಟು ವರ್ಷ ನಮಗೆ ಭಾಷಣ ಕೊಟ್ಟವರದ್ದು ಎಷ್ಟು ತಪ್ಪೋ, ಚಪ್ಪಾಳೆ ಕೊಟ್ಟು ಮನೆಗೆ ಹೋದ ನಮ್ಮದೂ ಅಷ್ಟೇ ತಪ್ಪು.

ಮರುದಿನದಿಂದ ತಾಲೀಮಿನ ರೀತಿಯನ್ನೇ ಬದಲಿಸಿದೆ. ಎಲ್ಲರೂ ಬಂದು ಕೂರಬೇಕು, ಕ್ಷೌರಿಕ ಅದೇ ಭಾಷಣ ಮಾಡಬೇಕು. ಮುಗಿದ ಕೂಡಲೇ ಮತ್ತೊಮ್ಮೆ. ಮತ್ತೊಮ್ಮೆ! ಯಾವ ಮಾತಿಗೂ ಯಾರಿಗೂ ಕಣ್ಣೀರು ಬಾರದಂತೆ, ಚಪ್ಪಾಳೆಗೆ ಕೈ ಏಳದಂತೆ ಆಗುವವರೆಗೆ! ವಾರದ ಕೊನೆಗೆ ಹೆಡ್‌ಮಿಸ್ ಆಕಳಿಸತೊಡಗಿದರು. ಬೀದಿಯ ಮಕ್ಕಳು ಐಸ್‌ಕ್ರೀಮ್ ಕೇಳಿದರೆ ತಾಯಂದಿರು "ಆದಷ್ಟು ಬೇಗ ಸೂಕ್ತ ಕ್ರಮ ಕೈಗೊಳ್ತೀವಿ" ಎನ್ನುವ ಮಟ್ಟಕ್ಕೆ ಬಂತು.

ಇವತ್ತು ಬೆಳಿಗ್ಗೆ, ಮಹಾಜನಗಳೇ, ಮುಖ್ಯ ಅಂಕ!

ಪಾರ್ಕು ಕಿಕ್ಕಿರಿದಿತ್ತು. ಮೆಂಬರ್ ಸಾಹೇಬರು ಬಿಳಿ ಷರಟಿನಲ್ಲಿ ಬಂದರು, ಹಿಂದೆ ಫೈಲು ಹಿಡಿದ ಇಂಜಿನಿಯರು. ಟೈಲರಮ್ಮ ಎದ್ದು ನಡೆದದ್ದನ್ನು ಚುಟುಕಾಗಿ ಹೇಳಿ ಕೂತಳು. ಸಾಹೇಬರು ಕೈಮುಗಿದರು, ಗಂಟಲು ಸರಿಮಾಡಿಕೊಂಡರು.

"ಅಕ್ಕಂದಿರೇ, ಅಣ್ಣಂದಿರೇ! ನಿಮ್ಮ ಮಕ್ಕಳು ಬೇರೆ ಅಲ್ಲ..."

"ನನ್ನ ಮಕ್ಕಳು ಬೇರೆ ಅಲ್ಲ" ಎಂದರು ಹೆಡ್‌ಮಿಸ್, ತಮಗರಿವಿಲ್ಲದೆ.

ಸಾಹೇಬರು ಯಾರೋ ಅಭಿಮಾನಿ ಎಂದುಕೊಂಡು ಮುಗುಳ್ನಕ್ಕು ಮುಂದುವರಿಸಿದರು. "ಈ ವಿಷಯ ಕೇಳಿ ನಂಗೆ..."

"ರಾತ್ರಿ ನಿದ್ದೆ ಬಂದಿಲ್ಲ!" ಇಡೀ ಬಲಪಕ್ಕ.

"ಮಕ್ಕಳ... ಮಕ್ಕಳ ರಕ್ಷಣೆಯೇ..."

"ನನ್ನ ಮೊದಲ ಕರ್ತವ್ಯ!" ಎಡಪಕ್ಕ, ಬೆಂಚುಗಳು, ಜೋಕಾಲಿಯ ಮೇಲಿನ ಮಕ್ಕಳು, ಎಲ್ಲರೂ. ನಾನು ಹೇಳಿಕೊಟ್ಟದ್ದಲ್ಲ ಮಗಳೇ, ಆಣೆ! ಅಷ್ಟು ಸಲ ಕೇಳಿದ ನಾಲಿಗೆಗಳು ತಾವೇ ಓಡಿದವು.

ರಂಗದ ಮೇಲೆ ಮಾತು ಮರೆತ ನಟನ ಮುಖ ನಾನು ನೋಡಿದ್ದೇನೆ. ಆದರೆ ಪ್ರೇಕ್ಷಕರೇ ಮಾತು ಹೇಳಿಕೊಡುವುದನ್ನು ಕೇಳಿ ಬೆಪ್ಪಾದವನನ್ನು ನೋಡಿದ್ದು ಇದೇ ಮೊದಲು. ಸಾಹೇಬರು ಹಣೆಯೊರೆಸಿಕೊಂಡರು. ಅವರ ಮುಂದಿನ ಸಾಲು ನಮಗೆಲ್ಲ ಗೊತ್ತಿತ್ತು. ಗೊತ್ತಿದೆಯೆಂದು ಅವರಿಗೂ ಗೊತ್ತಾಗಿತ್ತು. ಅದನ್ನು ಹೇಳುವ ಧೈರ್ಯ ಬರದೆ ಕೂರಲು ಕುರ್ಚಿ ಹುಡುಕಿದರು. ಇಡೀ ಪಾರ್ಕಿನಲ್ಲಿ ಅವರ ಅಂತಸ್ತಿಗೆ ತಕ್ಕ ಆಸನ ಒಂದೇ: ಹುಲ್ಲಿನ ನಡುವೆ ಥಳಥಳಿಸುತ್ತಿದ್ದ ನನ್ನ ಸಿಂಹಾಸನ!

"ಸಾರ್, ಅಲ್ಲಿ ಬೇಡ!" ಎಂದು ಕ್ಷೌರಿಕ ಕೂಗುವಷ್ಟರಲ್ಲಿ ಸಾಹೇಬರು ಕೂತಾಗಿತ್ತು. ರಾಜರ ಭಾರ ಹೊತ್ತ ಹಳೆಯ ಮರ, ಮೆಂಬರರ ಭಾರಕ್ಕೆ ಒಂದು ಕಾಲು ಮುರಿದು ಗುಂಡಿಯ ಕಡೆ ವಾಲಿತು. ಟೈಲರಮ್ಮ ಎರಡೇ ನೆಗೆತಕ್ಕೆ ಹೋಗಿ ಷರಟಿನ ಕಾಲರ್ ಹಿಡಿದು ಎಳೆದಳು. ಸಾಹೇಬರು ಹುಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಾ, ಸಿಂಹಾಸನ ವಾಲಿದ ಕಡೆ ತೆರೆದುಕೊಂಡ ಕತ್ತಲನ್ನು ನೋಡಿದರು.

"ಇಷ್ಟು ಆಳ ಇದೆಯೇನಮ್ಮಾ?"

"ಹೂಂ ಸಾರ್. ನಿಮಗೆ ಕಾಲರ್ ಇತ್ತು, ಹಿಡಿದೆ. ಆ ಮಗೂಗೆ ಇರಲಿಲ್ಲ, ಜಡೆ ಹಿಡಿದೆ. ನಾಳೆ ಬೋಳುತಲೆ ಮಗು ಬಿದ್ರೆ ಏನು ಹಿಡೀಲಿ?"

ಸಾಹೇಬರು ಬಟ್ಟೆಗೆ ಅಂಟಿದ ಹುಲ್ಲನ್ನೂ ಕೊಡವಲಿಲ್ಲ.

"ಇಂಜಿನಿಯರ್ರೇ, ಇದು ಯಾರ ಗುಂಡಿ?"

"ಸಾರ್, ಪಾರ್ಕಿನ ಜಾಗದಲ್ಲಿರೋ ಚರಂಡಿ ಆದ್ದರಿಂದ..."

"ಮುಚ್ಚಳ ಇದೆಯಾ?"

"ಗೋದಾಮಲ್ಲಿ ರಾಶಿ ಬಿದ್ದಿದೆ ಸಾರ್. ಇದಕ್ಕೆ ಯಾರು ಕೇಳಬೇಕು ಅಂತ ತೀರ್ಮಾನ ಆಗಿರಲಿಲ್ಲ."

"ನಾನು ಕೇಳ್ತಿದ್ದೀನಿ. ಇವತ್ತಿಂದ ಈ ಗುಂಡಿ ನಂದು. ನಾಳೆ ಬೆಳಿಗ್ಗೆ ಮುಚ್ಚಳ ಹಾಕಬೇಕು, ನೀವೇ ನಿಂತು ಹಾಕಿಸಬೇಕು. ಹಾಕದಿದ್ರೆ ಇವರು ನನ್ನ ಮನೆಗೆ ಬರಲಿ."

"ಬರ್ತೀವಿ ಸಾರ್. ವಾರ್ಡಿನ ಮಿಕ್ಕ ಪಾರ್ಕುಗಳಿಗೂ ಹೋಗಿ ನೋಡ್ಕೊಂಡು ಬರ್ತೀವಿ" ಎಂದರು ಹೆಡ್‌ಮಿಸ್.

ಎಷ್ಟು ಚಿಕ್ಕ ಭಾಷಣ! ತಾಲೀಮಿನಲ್ಲಿ ಇರಲೇ ಇಲ್ಲ. ಅಭ್ಯಾಸ ಬಲದಿಂದ ಕೆಲವರ ಕೈ ಚಪ್ಪಾಳೆಗೆ ಎದ್ದಿತು. ಟೈಲರಮ್ಮ ಗದರಿದಳು: "ಇಳಿಸ್ರೀ ಕೈ! ಚಪ್ಪಾಳೆ ನಾಳೆ, ಮುಚ್ಚಳ ಕೂತ ಮೇಲೆ." ಸಾಹೇಬರೂ ತಲೆಯಾಡಿಸಿದರು. ಹೋಗುವಾಗ ಕ್ಷೌರಿಕನನ್ನು ಕರೆದು, "ನನ್ನ ಭಾಷಣ ನೀವೆಲ್ಲಿ ಕೇಳಿದ್ರಿ?" ಎಂದು ಕೇಳಿದರಂತೆ. "ಎಲ್ಲೂ ಕೇಳಿಲ್ಲ ಸಾರ್, ನಾನೇ ಕಟ್ಟಿದ್ದು" ಎಂದನಂತೆ ಇವನು. ಸಾಹೇಬರ ಮುಖ ಇನ್ನೂ ಸಣ್ಣದಾಯಿತಂತೆ.

ಇನ್ನು ಮನೆಯ ಸುದ್ದಿ. ನಿನ್ನಮ್ಮ ಚೆನ್ನಾಗಿದ್ದಾಳೆ. ಸಿಂಹಾಸನದ ಮುರಿದ ಕಾಲನ್ನು ನೋಡಿ, "ಅಟ್ಟಕ್ಕೆ ಮಾತ್ರ ವಾಪಸು ಬರಬಾರದು" ಎಂದಿದ್ದಾಳೆ. ಬೀಗಿತ್ತಿಯವರ ಮಂಡಿ ನೋವು ಹೇಗಿದೆ? ಬೀಗರಿಗೆ ಹೇಳು, ಈಗ ಪೇಪರ್ ಕೆಳಗಿಡಬಹುದು. ನಿಮ್ಮೆಲ್ಲರಿಗೂ ಆಯುಷ್ಯ, ಆರೋಗ್ಯ, ನೆಮ್ಮದಿಯ ನಿದ್ದೆ ಇರಲಿ. ಬುಗುರಿಗೆ ಎರಡೂ ಕೆನ್ನೆಗೆ ಮುತ್ತು.

ಇಂತು, ಮೈಕು ಬೇಡದ
ನಿನ್ನ ಅಪ್ಪ

ತಾಜಾ ಕಲಂ: ಇದನ್ನು ಗಟ್ಟಿಯಾಗಿ ಓದಬೇಡ ಮಗಳೇ. ಮೊನ್ನೆ ಅಳಿಯಂದಿರು ಫೋನಿನಲ್ಲಿ ಹೇಳಿದರು. ನೀನು ನನಗೆ ಬರೆಯದೆ ಉಳಿಸಿದ್ದನ್ನು ಹೇಳಿದರು. ಮಗು ಈಗ ಮನೆಯೊಳಗೂ ಒಂದು ಕಾಲು ಮುಂದಿಟ್ಟು, ನೆಲ ಒತ್ತಿ ನೋಡಿ, ಆಮೇಲೆ ಇನ್ನೊಂದು ಕಾಲು ಇಡುತ್ತಾಳಂತೆ. ಶಾಲೆಯಲ್ಲಿ ಎಲ್ಲರೂ ಓಡುವಾಗ ಗೋಡೆ ಹಿಡಿದು ನಿಲ್ಲುತ್ತಾಳಂತೆ. ಅವತ್ತಿನಿಂದ ನನಗೆ ಒಂದು ಮಾತೂ ಜೋರಾಗಿ ಬರುತ್ತಿಲ್ಲ. ಮೇಲೆ ಬರೆದದ್ದಕ್ಕೆಲ್ಲ ಬಲವಂತವಾಗಿ ಉಸಿರು ತುಂಬಿದ್ದೇನೆ. ಮುಚ್ಚಳ ಹಾಕಿಸಬಹುದು ತಾಯಿ, ನೆಲದ ಮೇಲಿನ ನಂಬಿಕೆಯನ್ನು ಯಾವ ಗೋದಾಮಿನಿಂದ ತರಿಸಲಿ? ಅವಳನ್ನು ಕಳಿಸು ಎಂದು ಕೇಳುವುದಿಲ್ಲ. ಅವಳೇ ಬರುತ್ತೇನೆ ಎಂದ ದಿನ ಬರಲಿ. ಆದರೆ ಇವತ್ತು ರಾತ್ರಿಯೇ ಈ ಕಾಗದವನ್ನು ಕ್ಷೌರಿಕನ ಕೈಲಿ ಕಳಿಸುತ್ತಿದ್ದೇನೆ; ನಾನು ವಿಡಿಯೋ ಕರೆ ಮಾಡಿದಾಗ ಫೋನನ್ನು ಅವಳ ಕೈಗೆ ಕೊಟ್ಟು ಕೂರಿಸು. ನಾಳೆ ಬೆಳಿಗ್ಗೆ ಮುಚ್ಚಳ ಕೂತ ತಕ್ಷಣ, ಎಲ್ಲರಿಗಿಂತ ಮೊದಲು ನಾನು ಅದರ ಮೇಲೆ ಹತ್ತುತ್ತೇನೆ. ಈ ಭಾರಿ ಮೈಯನ್ನೆಲ್ಲ ಹೊತ್ತು, ಎರಡೂ ಕಾಲೆತ್ತಿ, ಅವಳು "ಸಾಕು ಅಜ್ಜಾ" ಎನ್ನುವ ತನಕ ಕುಣಿಯುತ್ತೇನೆ.