ಒಂದೇ ಬಾಟಲಿಗೆ ಎರಡು ಚೀಟಿ

ಮಗಳೇ,

ನಿನ್ನ ಲೇಖನದ ಕರಡು ಕೈಸೇರಿತು. ಮೂವತ್ತು ವರ್ಷದ ಹಿಂದೆ ಬೆನ್ನಿನ ಹುರುಪೆ ಎಣಿಸಿ, ಚುಕ್ಕೆ ನೋಡಿ, ಇದು ಹೊಸ ಜಾತಿಯ ಹಲ್ಲಿ ಅಂತ ನಾನು ಹೆಸರಿಟ್ಟಿದ್ದೆ. ಈಗ ನೀನು ಬಾಲದ ತುದಿಯಿಂದ ಡಿಎನ್‌ಎ ತೆಗೆದು ಹೋಲಿಸಿ, ಅದು ಮಾಮೂಲಿ ಬಂಡೆ ಹಲ್ಲಿಯೇ, ಬಂಡೆಯ ಬಣ್ಣಕ್ಕೆ ತಕ್ಕಂತೆ ಚುಕ್ಕೆ ಬದಲಾಗಿದೆ ಅಷ್ಟೇ ಅಂತ ತೋರಿಸಿದ್ದೀಯ. "ಬೇಜಾರಾದರೆ ಈ ಭಾಗ ಬಿಟ್ಟುಬಿಡ್ತೀನಿ ಅಪ್ಪಾ" ಅಂತ ಬೇರೆ ಕೇಳಿದ್ದೀಯ.

ಬೇಜಾರಾಯ್ತು ಕಣಮ್ಮ, ಸುಳ್ಳು ಯಾಕೆ ಹೇಳಲಿ? ಎರಡು ದಿನ ಭೂತಗನ್ನಡಿ ಹಿಡಿದು ನಿನ್ನ ಪಟ್ಟಿಗಳಲ್ಲಿ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. "ನೋಡೇ, ನಿನ್ನ ಮಗಳು ನನಗೇ ಮಣ್ಣು ಮುಕ್ಕಿಸಿದಳು!" ಅಂತ ನಿಮ್ಮಮ್ಮನಿಗೆ ಕೂಗಿ ಹೇಳಿದೆ. ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಕೇಳಿಸಲಿ.

ಆದರೆ ಒಂದು ತಕರಾರಿದೆ. ನಾಲ್ಕನೇ ಪುಟದಲ್ಲಿ "ಬಹುಶಃ" ಅಂತ ಬರೆದಿದ್ದೀಯಲ್ಲ, ಅದು ಅಪ್ಪನ ಮುಖ ನೋಡಿ ಬರೆದದ್ದು. ಹೊಡೆದು ಹಾಕು.

ಲೇಖನ ಅಚ್ಚಾದ ಕೂಡಲೇ ತಿಳಿಸು. ಮ್ಯೂಸಿಯಂಗೆ ಹೋಗಿ ಆ ಹಲ್ಲಿಯನ್ನು ಸ್ಪಿರಿಟ್‌ನಲ್ಲಿ ಕೆಡದಂತೆ ಇಟ್ಟಿರುವ ಬಾಟಲಿಗೆ, ಜಾತಿಯ ಹೆಸರೂ ಗುರುತಿಸಿದವರ ಹೆಸರೂ ಇರುವ ಹೊಸ ಚೀಟಿ ನಾನೇ ಹಾಕಬೇಕು. ಅಲ್ಲಿ ಹಳೇ ಚೀಟಿ ತೆಗೆಯುವ ಪದ್ಧತಿ ಇಲ್ಲ, ನಿನಗೂ ಗೊತ್ತು. ನನ್ನ ಹೆಸರಿನ ಪಕ್ಕದಲ್ಲೇ ನಿನ್ನದೂ ಇರುತ್ತದೆ. ಅಕ್ಷರ ಸೊಟ್ಟಗಾಗಬಾರದು ಅಂತ "ಗುರುತಿಸಿದವರು" ಅನ್ನುವಲ್ಲಿ ನಿನ್ನ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದು ಬರೆದು ನೋಡಿದೆ. ಐದನೆಯ ಚೀಟಿ ಚೆನ್ನಾಗಿ ಬಂದಿದೆ. ಜೋಪಾನವಾಗಿ ಎತ್ತಿಟ್ಟಿದ್ದೇನೆ.

ಇಂತಿ,
ಹಳೇ ಚೀಟಿಯ ಅಪ್ಪ